ಮೊದಲ ಬುಧವಾರದ ಹೂವು

ಲ್ಯಾನ್‌ಹ್ಯಾಮ್, ಮೇರಿಲ್ಯಾಂಡ್
2 ಏಪ್ರಿಲ್ 1996

ಚಿ. ಸೌ. ಇಂದುಗೆ ಅತ್ತೆ ವರಲಕ್ಷ್ಮಿಯ ಆಶೀರ್ವಾದಗಳು.

ಕೈ ರೂಢಿಯಂತೆ 'ಚಿ. ಸೌ.' ಅಂತ ಬರೆದುಬಿಟ್ಟಿತು. 'ಸೌ' ಹೊಡೆದುಹಾಕಬೇಕಂತೆ. ನಾನು ಹೊಡೆಯೋದಿಲ್ಲ. ಮಗನನ್ನು ಕಳಕೊಂಡು ಏಳು ವಾರ ಆಯಿತು. ಇಪ್ಪತ್ತೇಳು ವರ್ಷದ ಸೊಸೆಯ ಹೆಸರಿನ ಮುಂದಿರೋ ಒಂದಕ್ಷರವನ್ನೂ ಕಿತ್ತುಹಾಕಿ ನನಗೇನಾಗಬೇಕು?

ಫೋನಿನಲ್ಲಿ ನಾವಿಬ್ಬರೂ ಅಲ್ಲಿ ಬಿಸಿಲು, ಇಲ್ಲಿ ಚಳಿ ಅಂತ ಹೇಳಿ ಇಟ್ಟುಬಿಡ್ತೀವಿ. ಅದಕ್ಕೇ ಈ ಕಾಗದ.

ನಾಳೆ ಬುಧವಾರ ನಿನ್ನ ಮನೆಗೆ ಹೂವು ಬರುತ್ತೆ. ಈ ಕಾಗದ ಕೈಗೆ ಸಿಗೋ ಹೊತ್ತಿಗೆ ಬಂದಿರುತ್ತೆ, ಯಾರು ಕಳಿಸಿದ್ದು ಅಂತ ಗಾಬರಿಯಾಗಿದ್ದರೆ ಕ್ಷಮಿಸು. ನಿಮ್ಮೂರಲ್ಲಿರೋದು ಒಂದೇ ಹೂವಿನಂಗಡಿ. ಡೋಲೋರೆಸ್ ಅಂತ ಒಬ್ಬಾಕೆ ನಡೆಸ್ತಾಳೆ. ಆ ಮರಳುಗಾಡಿಗೆ ಹೂವು ಎಲ್ಲಿಂದ ತರ್ತೀಯಮ್ಮ ಅಂತ ಕೇಳಿದೆ. ಮಂಗಳವಾರ ಫೀನಿಕ್ಸ್‌ನಿಂದ ಫ್ರಿಜ್ ಇರೋ ಟ್ರಕ್ಕಿನಲ್ಲಿ ಬರುತ್ತಂತೆ. ಬುಧವಾರ ಬಿಸಿಲೇರೋದರೊಳಗೆ ಮನೆಮನೆಗೂ ಕೊಟ್ಟು ಮುಗಿಸಬೇಕಂತೆ, ಇಲ್ಲದಿದ್ದರೆ ವ್ಯಾನಿನಲ್ಲೇ ಬಾಡುತ್ತೆ ಅಂದಳು.

"ಏನು ಸಂದರ್ಭ?" ಅಂತ ಕೇಳಿದಳು. ಹೇಳಿದೆ. "ಹಾಗಾದರೆ ಸಂತಾಪದ್ದು. ಬಿಳಿ ಲಿಲ್ಲಿ ಹಾಕ್ತೀನಿ" ಅಂದಳು. ಬೇಡ ಅಂದೆ. ನೋಡಿದರೆ ಮುಖ ಅರಳಬೇಕು, ಅಂಥದ್ದೇನಿದೆ ಹೇಳು ಅಂದೆ. ಅವಳ ಕ್ಯಾಟಲಾಗಿನಲ್ಲಿ 'ಚಿಯರ್‌ಫುಲ್' ಅಂತಲೇ ಒಂದು ಪುಟ ಇದೆಯಂತೆ. ಹಳದಿ ಗುಲಾಬಿ, ಕಿತ್ತಳೆ ಬಣ್ಣದ ಜರ್ಬೆರಾ, ಡೈಸಿ. ಪ್ರತಿ ತಿಂಗಳ ಮೊದಲ ಬುಧವಾರ ಕಳಿಸ್ತಾ ಇರು ಅಂತ ಹೇಳಿಟ್ಟಿದೀನಿ.

ಇಲ್ಲಿಗೆ ಬಂದುಬಿಡು ಅಂತ ಮತ್ತೆ ಕೇಳೋದಿಲ್ಲ. ಮೇಲಿನ ರೂಮು ಖಾಲಿ ಇದೆ, ಅಷ್ಟೇ.

ನಿನ್ನ ಅತ್ತೆ,
ವರಲಕ್ಷ್ಮಿ

*

ಮೆಸ್ಕೀಟ್ ವೆಲ್ಸ್, ಆರಿಜೋನಾ
14 ಏಪ್ರಿಲ್ 1996

ಪೂಜ್ಯ ಅತ್ತೆಯವರಿಗೆ ಇಂದು ಮಾಡುವ ನಮಸ್ಕಾರಗಳು.

ತಮ್ಮ ಪತ್ರವೂ ಹೂವೂ ತಲುಪಿದವು. ಬಹಳ ಚೆನ್ನಾಗಿವೆ. ತಾವು ಇಷ್ಟು ಶ್ರಮ ತೆಗೆದುಕೊಳ್ಳಬೇಕಾಗಿರಲಿಲ್ಲ.

ನಾನು ಕ್ಷೇಮ. ಲೈಬ್ರರಿಯಲ್ಲಿ ಈಗ ಪೂರ್ತಿ ದಿನದ ಕೆಲಸ ಕೊಟ್ಟಿದ್ದಾರೆ. ಕೋಲಾರದಿಂದ ಅಪ್ಪ ಪ್ರತಿ ವಾರ ಫೋನ್ ಮಾಡುತ್ತಾರೆ. ಸದ್ಯಕ್ಕೆ ಇಲ್ಲೇ ಇರುತ್ತೇನೆಂದು ಅವರಿಗೂ ಹೇಳಿದ್ದೇನೆ.

ತಮ್ಮ ಬಿ.ಪಿ. ಮಾತ್ರೆ ತಪ್ಪಿಸಬೇಡಿ.

ಇಂತಿ,
ಇಂದು

*

ಲ್ಯಾನ್‌ಹ್ಯಾಮ್
5 ಜೂನ್ 1996

ಚಿ. ಸೌ. ಇಂದುಗೆ ಆಶೀರ್ವಾದಗಳು.

ಇವತ್ತು ಮೂರನೆಯ ಸಲದ ಹೂವು ಬಂದಿರಬೇಕು. ಈ ಸಲ ಸೂರ್ಯಕಾಂತಿ ಸೇರಿಸು ಅಂದಿದ್ದೆ.

ಶನಿವಾರ ದೇವಸ್ಥಾನಕ್ಕೆ ಹೋಗಿದ್ದೆ. ಶ್ಯಾಂಟಿಲಿಯಿಂದ ಕೃಷ್ಣಪ್ರಸಾದನೂ ಅವನ ಹೆಂಡತಿ ಶೀಲಾನೂ ಬಂದಿದ್ದರು. ಅಂತ್ಯಕ್ರಿಯೆಗೆ ನನ್ನನ್ನು ಫೀನಿಕ್ಸ್‌ಗೆ ಕರಕೊಂಡು ಬಂದವನು ಅವನೇ, ನಿನಗೆ ನೆನಪಿರುತ್ತೆ. ಕ್ಯಾಂಟೀನಿನಲ್ಲಿ ಪುಳಿಯೋಗರೆ ತಿನ್ನುತ್ತಾ ಶೀಲಾ ಮೆಲ್ಲಗೆ ಕೇಳಿದಳು: "ಆಂಟಿ, ಇಂದುಗೆ ಹೂವು ಕಳಿಸ್ತೀರಂತೆ. ಅಲ್ಲ, ಅವಳಿಗೆ ಹೇಗನ್ನಿಸುತ್ತೋ. ಸರೀನಾ ಅದು?"

ಅದಕ್ಕೆ ಉತ್ತರ ನಿನಗೆ ಕೊಡ್ತೀನಿ.

ಅವಿನಾಶನ ಅಪ್ಪ ತೀರಿಕೊಂಡಾಗ ನನಗೆ ಇಪ್ಪತ್ತೆಂಟು, ಮಗುವಿಗೆ ಮೂರು. ಕಾಮಾಲೆ. ಒಂಬತ್ತು ದಿನದಲ್ಲಿ ಮುಗಿದುಹೋಯಿತು. ನಾನು ಎಂ.ಬಿ.ಬಿ.ಎಸ್. ಓದಿದವಳು, ಏನೂ ಮಾಡಲಾಗಲಿಲ್ಲ. ಅವತ್ತು ಬೆಳಿಗ್ಗೆ ಆಸ್ಪತ್ರೆಗೆ ಹೊರಟಾಗ ಒಂಟಿಕೊಪ್ಪಲಿನ ಮನೆಯಲ್ಲಿ ನಮ್ಮತ್ತೆಯೇ ಮಲ್ಲಿಗೆ ಮುಡಿಸಿದ್ದರು. ಸಾಯಂಕಾಲ ಅವರೇ ತೆಗೆದರು. ಎಳೆಯಲಿಲ್ಲ, ಕೂದಲು ಕೀಳದ ಹಾಗೆ, ಪಿನ್ನು ಬಿಚ್ಚಿ, ಮೆಲ್ಲಗೆ ತೆಗೆದರು. ಎಳೆದಿದ್ದರೆ ಕೋಪ ಬರ್ತಿತ್ತು. ಮೂರು ವರ್ಷದ ಮೇಲೆ ಮಗುವನ್ನು ಕಟ್ಟಿಕೊಂಡು ಈ ದೇಶಕ್ಕೆ ಬಂದೆ. ಇಲ್ಲಿ ಯಾರೂ ಬೇಡ ಅನ್ನಲಿಲ್ಲ. ಆದರೂ ಇವತ್ತಿನವರೆಗೂ ಒಂದು ಹೂವು ಮುಡಿದಿಲ್ಲ.

ನಿನಗೆ ಹಾಗಾಗಬಾರದು. ಮುಡಿದುಕೋ ಅಂತ ನಾನು ಹೇಳೋದಿಲ್ಲ. ಮನೆಯಲ್ಲಿರಲಿ, ಕಣ್ಣಿಗೆ ಬೀಳ್ತಿರಲಿ.

ನಿನ್ನಂಥ ಹೆಂಡತಿ ಸಿಕ್ಕಿದ್ದು ಅವನ ಪುಣ್ಯ. ನಾಲ್ಕು ವರ್ಷವಾದರೂ ಸುಖವಾಗಿದ್ದ ಅಂತ ಸಮಾಧಾನ ಮಾಡ್ಕೋತೀನಿ.

ವರಲಕ್ಷ್ಮಿ

*

ಮೆಸ್ಕೀಟ್ ವೆಲ್ಸ್
30 ಜೂನ್ 1996

ಪೂಜ್ಯ ಅತ್ತೆಯವರಿಗೆ ನಮಸ್ಕಾರಗಳು.

ಸೂರ್ಯಕಾಂತಿ ಬಂತು. ಊಟದ ಮೇಜಿನ ಮೇಲಿಟ್ಟಿದ್ದೇನೆ. ಬೆಳಿಗ್ಗೆ ಕಾಫಿ ಕುಡಿಯುವಾಗ ಎದುರಿಗೇ ಇರುತ್ತದೆ. ಹತ್ತು ದಿನ ಬಾಡಲಿಲ್ಲ.

ಇಲ್ಲಿ ನೂರಹದಿನಾಲ್ಕು ಡಿಗ್ರಿ. ಹೆಚ್ಚು ಬರೆಯಲು ಏನೂ ಇಲ್ಲ.

ತಾವು ಬರೆದ ಮಲ್ಲಿಗೆಯ ವಿಷಯ ಓದಿದೆ. ಅವಿನಾಶ್ ನನಗೆ ಎಂದೂ ಹೇಳಿರಲಿಲ್ಲ. ಅವರಿಗೆ ಗೊತ್ತಿತ್ತೋ ಇಲ್ಲವೋ.

ಇಂದು

*

ಲ್ಯಾನ್‌ಹ್ಯಾಮ್
1 ಆಗಸ್ಟ್ 1996

ಚಿ. ಸೌ. ಇಂದುಗೆ ಆಶೀರ್ವಾದಗಳು.

ಬೈಯೋದಕ್ಕೆ ಬರೀತಿಲ್ಲ, ಮೊದಲೇ ಹೇಳ್ತೀನಿ.

ಮುಂದಿನ ವಾರದ ಹೂವಿನ ವಿಷಯಕ್ಕೆ ಡೋಲೋರೆಸ್‌ಗೆ ಫೋನ್ ಮಾಡಿದ್ದೆ. ಮಾತಿನ ನಡುವೆ, "ನಿಮ್ಮ ಸೊಸೆ ಎಷ್ಟು ಒಳ್ಳೆಯವಳು! ಪ್ರತಿ ತಿಂಗಳೂ ನೀವು ಕಳಿಸೋ ಹೂವನ್ನ ಅವತ್ತೇ ವೃದ್ಧರ ನರ್ಸಿಂಗ್ ಹೋಮಿಗೆ ಕೊಟ್ಟುಬಿಡ್ತಾಳೆ. ಅಲ್ಲಿಗೆ ಬೇರೆ ಹೂವು ಕೊಡೋಕೆ ಹೋದಾಗ ನೋಡ್ತಿರ್ತೀನಿ" ಅಂದಳು. ನನಗೆ ಗೊತ್ತಿದೆ ಅಂದುಕೊಂಡು ಹೇಳಿದಳು, ಪಾಪ.

ಊಟದ ಮೇಜಿನ ಮೇಲಿದೆ ಅಂತ ನೀನು ಬರೆದದ್ದನ್ನು ಓದಿ ನಾನು ಎಷ್ಟು ಸಲ ಆ ಮೇಜನ್ನ ಕಣ್ಮುಂದೆ ತಂದ್ಕೊಂಡಿದ್ದೆನೋ. ಆಮೇಲೆ ಅರ್ಥವಾಯಿತು. ನೀನು ಕೋಲಾರದ ಮನೆಯಲ್ಲಿ ಬೆಳೆದವಳು. ಹೂವು ತನಗಲ್ಲ ಅಂತ ನಿನ್ನಷ್ಟಕ್ಕೆ ನೀನೇ ತೀರ್ಮಾನ ಮಾಡಿಕೊಂಡಿದೀಯ. ಅದನ್ನ ನನಗೆ ಹೇಳಿದರೆ ನನ್ನ ಮನಸ್ಸು ನೋಯುತ್ತೆ ಅಂತ ಸುಳ್ಳು ಬರೆದೆ. ಅಷ್ಟು ದೂರದಲ್ಲಿ ಕೂತು ಅವನಿಗೋಸ್ಕರ ವ್ರತದ ಹಾಗೆ ಬದುಕ್ತಿದೀಯ.

ಅದಕ್ಕೆ ಒಂದು ಉಪಾಯ ಮಾಡಿದೀನಿ. ಈ ಬುಧವಾರದಿಂದ ಎರಡು ಬೊಕೆ ಬರುತ್ತೆ. ಒಂದು ಕೊಡೋದಕ್ಕೆ, ಒಂದು ಇಟ್ಕೊಳ್ಳೋದಕ್ಕೆ.

ವರಲಕ್ಷ್ಮಿ

*

ಮೆಸ್ಕೀಟ್ ವೆಲ್ಸ್
25 ಆಗಸ್ಟ್ 1996

ಅತ್ತೆಗೆ,

ಎರಡೂ ಬಂದವು. ಎರಡನ್ನೂ ಸಿಂಕಿನಲ್ಲಿಟ್ಟು ನೋಡ್ತಾ ನಿಂತಿದ್ದೆ. ಇನ್ನು ನನ್ನಿಂದಾಗೋದಿಲ್ಲ ಅನ್ನಿಸಿತು. ಈ ಕಾಗದ ನಾಲ್ಕು ಸಲ ಬರೆದು ಹರಿದಿದೀನಿ. ಇದನ್ನ ಹರಿಯೋಲ್ಲ.

ನಾನು ಹೂವು ಇಟ್ಕೊಳ್ಳದೆ ಇರೋದು ಸಂಪ್ರದಾಯಕ್ಕಲ್ಲ. ನಿಮ್ಮ ಕೈಯಿಂದ ತಗೊಳ್ಳೋ ಯೋಗ್ಯತೆ ನನಗಿಲ್ಲ.

ಅವಿನಾಶ್ ನನ್ನನ್ನ ಮದುವೆಯಾದದ್ದು ನಿಮಗೋಸ್ಕರ. ಇದನ್ನ ಅವರೇ ಮೊದಲ ವರ್ಷ ಹೇಳಿದರು, ಕೆಟ್ಟ ಮನಸ್ಸಿನಿಂದಲ್ಲ. ಬೇರೆ ಒಬ್ಬರು ಮನಸ್ಸಿನಲ್ಲಿದ್ದರಂತೆ, ನೀವು ಒಪ್ಪಲಿಲ್ಲವಂತೆ. ಆಮೇಲೆ ಅವರು ಒಂದು ದಿನವೂ ನನ್ನ ಮೇಲೆ ದನಿ ಏರಿಸಲಿಲ್ಲ. ನನ್ನ ಕಾರಿಗೆ ಪೆಟ್ರೋಲ್ ಹಾಕಿಸಿಡ್ತಿದ್ದರು. ಜ್ವರ ಬಂದರೆ ಗಂಜಿ ಮಾಡ್ತಿದ್ದರು. ಆದರೆ ನಾನು ರೂಮಿಗೆ ಬಂದರೆ ಕೈಲಿದ್ದ ಪುಸ್ತಕ ಕೆಳಗಿಟ್ಟು, ಅತಿಥಿ ಬಂದ ಹಾಗೆ ನೆಟ್ಟಗೆ ಕೂತ್ಕೊಳ್ತಿದ್ದರು. ನಾಲ್ಕು ವರ್ಷ, ಅತ್ತೆ.

ಫೆಬ್ರವರಿ ಹನ್ನೊಂದು, ಭಾನುವಾರ. ತಿಂಡಿ ತಿಂದು ಮುಗಿಸಿದ ಮೇಲೆ ನಾನೇ ಅಂದೆ: "ನಿಮ್ಮಮ್ಮನಿಗೋಸ್ಕರ ನನ್ನ ಕಟ್ಕೊಂಡ್ರಿ. ಈಗ ನನಗೋಸ್ಕರ ಬಿಟ್ಟುಬಿಡಿ. ಡಿವೋರ್ಸ್ ತಗೊಳ್ಳೋಣ." ಅವರು ತಟ್ಟೆ ತೊಳೆದಿಟ್ಟರು. "ಸ್ವಲ್ಪ ಡ್ರೈವ್ ಮಾಡ್ಕೊಂಡು ಬರ್ತೀನಿ" ಅಂದರು. ನಾನು ಬಾಗಿಲವರೆಗೂ ಹೋಗಲಿಲ್ಲ.

ಮೂರು ಗಂಟೆಗೆ ನೀವು ಫೋನ್ ಮಾಡಿದ್ದಿರಿ. "ಅವಿನಾಶ್ ಇದಾನಾ?" ಅಂದಿರಿ. "ತರಕಾರಿ ತರೋಕೆ ಹೋಗಿದಾರೆ" ಅಂದೆ. "ಊಟ ಆಯ್ತಾ?" ಅಂದಿರಿ. ಆಯ್ತು ಅಂದೆ. ಎರಡೂ ಸುಳ್ಳು. ಐದು ಗಂಟೆಗೆ ಪೊಲೀಸಿನವರು ಬಂದರು.

ಅವರು ನನ್ನ ಬಿಟ್ಟು ಹೊರಟಿದ್ದಾಗ ಸತ್ತರು. ಹೊರಡಿಸಿದವಳು ನಾನು. ಹನ್ನೊಂದು ದಿನ ಈ ಮನೆಯಲ್ಲಿ ನನ್ನ ತಲೆ ನೇವರಿಸ್ತಾ ಕೂತಿದ್ದ ನಿಮಗೆ ಇದನ್ನ ಹೇಳೋ ಧೈರ್ಯ ಬರಲಿಲ್ಲ. ಈಗ ನಿಮಗೆ ಏನನ್ನಿಸುತ್ತೋ ಹಾಗೆ ಮಾಡಿ.

ಇಂದು

*

ಮೆಸ್ಕೀಟ್ ವೆಲ್ಸ್
20 ಅಕ್ಟೋಬರ್ 1996

ಅತ್ತೆಯವರಿಗೆ,

ಸೆಪ್ಟೆಂಬರಿನ ಮೊದಲ ಬುಧವಾರ ಹೂವು ಬರಲಿಲ್ಲ. ಅಕ್ಟೋಬರಿನಲ್ಲೂ ಇಲ್ಲ. ಡೋಲೋರೆಸ್ ಲೈಬ್ರರಿಗೆ ಬಂದಾಗ, ನೀವೇ ನಿಲ್ಲಿಸಲು ಹೇಳಿದಿರಿ ಅಂದರು. ನರ್ಸಿಂಗ್ ಹೋಮಿನ ಮುದುಕಿಯೊಬ್ಬರು ಈ ತಿಂಗಳು ಹಳದಿ ಹೂವು ಎಲ್ಲಿ ಅಂತ ಕೇಳಿದರಂತೆ.

ನೀವು ಮಾಡಿದ್ದು ಸರಿ. ನಾನೂ ಹಾಗೇ ಮಾಡ್ತಿದ್ದೆ. ತಕರಾರಿಗೆ ಬರೆದದ್ದಲ್ಲ. ನಿಮಗೆ ಕಾಗದ ತಲುಪಿದೆ, ಓದಿದ್ದೀರಿ ಅಂತ ನನಗೆ ಗೊತ್ತಾಗಿದೆ ಅಂತಷ್ಟೇ ತಿಳಿಸೋದಕ್ಕೆ.

ಚಳಿ ಶುರುವಾಗಿರಬೇಕು. ಜೋಪಾನ.

ಇಂದು

*

ಲ್ಯಾನ್‌ಹ್ಯಾಮ್
30 ನವೆಂಬರ್ 1996

ಇಂದು,

ಮೂರು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ. ನಿನಗೆ ಶಿಕ್ಷೆ ಕೊಡೋದಕ್ಕೆ ಹೂವು ನಿಲ್ಲಿಸಿದೆ ಅಂತ ತಿಳ್ಕೊಂಡಿದೀಯ. ಹಾಗಲ್ಲ. ನೀನು ಅಷ್ಟು ನಿಜ ಬರೆದ ಮೇಲೆ ನನ್ನ ಸುಳ್ಳಿನ ಹೂವು ನಿನ್ನ ಬಾಗಿಲಿಗೆ ಬರಬಾರದು ಅನ್ನಿಸಿತು. ನಿಜ ಬರೆಯೋದಕ್ಕೂ ಕೈ ಬರಲಿಲ್ಲ.

ನೀನು ಬರೆದದ್ದೆಲ್ಲ ನನಗೆ ಮೊದಲೇ ಗೊತ್ತಿತ್ತು. ಅವತ್ತೇ ಗೊತ್ತಿತ್ತು.

ನಿಮ್ಮ ಟೈಮ್ ಒಂದೂವರೆಗೆ ಅವಿನಾಶ್ ನನಗೆ ಫೋನ್ ಮಾಡಿದ್ದ. ದಾರೀಲಿ ಗ್ಯಾಸ್ ಸ್ಟೇಷನ್ನಿನ ಫೋನಿನಿಂದ. "ಅಮ್ಮಾ, ಇಂದು ಬೇರೆಯಾಗೋಣ ಅಂತಿದಾಳೆ" ಅಂದ. ನಾನು ಏನೂ ಕೇಳೋದಕ್ಕೆ ಮುಂಚೆ ಅವನೇ, "ಅವಳು ಹೇಳೋದು ಸರಿ ಅಮ್ಮ. ಅವಳಿಗೆ ನಾನು ಅನ್ಯಾಯ ಮಾಡಿದೀನಿ. ಫೀನಿಕ್ಸ್‌ನಲ್ಲಿ ಎರಡು ದಿನ ಫ್ರೆಂಡ್ ಮನೇಲಿದ್ದು ಯೋಚನೆ ಮಾಡ್ತೀನಿ" ಅಂದ. ದನಿ ಶಾಂತವಾಗಿತ್ತು. ಮಗು ಪರೀಕ್ಷೆ ಮುಗಿಸಿ ಬಂದ ಹಾಗಿತ್ತು.

ನಾನೇನಂದೆ ಗೊತ್ತಾ? "ನಮ್ಮ ಮನೆತನದಲ್ಲಿ ಡಿವೋರ್ಸ್ ಅನ್ನೋ ಮಾತೇ ಇಲ್ಲ. ಈಗಲೇ ಕಾರು ತಿರುಗಿಸು. ಹೋಗಿ ಅವಳ ಕಾಲು ಹಿಡಿದಾದರೂ ಸರಿಮಾಡ್ಕೋ. ಮೂರು ಗಂಟೆಗೆ ಮನೆಗೆ ಫೋನ್ ಮಾಡ್ತೀನಿ, ನೀನೇ ಎತ್ತಬೇಕು" ಅಂದೆ. ಅಲ್ಲಿಂದ ಮನೆಗೆ ಎಷ್ಟು ದೂರ ಅಂತ ಕೇಳಲಿಲ್ಲ. "ಆಯ್ತಮ್ಮ" ಅಂದ. ಆರು ವರ್ಷದವನಾಗಿದ್ದಾಗಿನಿಂದ ನನಗೆ ಅವನು ಹೇಳ್ತಿದ್ದದ್ದು ಅದೊಂದೇ ಮಾತು. ಆ ಹುಡುಗಿ ಬೇಡ ಅಂದಾಗಲೂ ಅದನ್ನೇ ಅಂದಿದ್ದ.

ಮೂರು ಗಂಟೆಗೆ ಮಾಡಿದೆ. ನೀನು ಎತ್ತಿದೆ. ನಿನ್ನ ದನಿ ಕೇಳಿ, ಇನ್ನೂ ಬಂದಿಲ್ಲ, ಬಂದುಬಿಡ್ತಾನೆ ಅಂದುಕೊಂಡು ಊಟ ಆಯ್ತಾ ಅಂದೆ. ಆಗ ಅವನು ಇರಲಿಲ್ಲ. ಎರಡೂ ನಲವತ್ತಕ್ಕೆ ಟ್ರಕ್ಕನ್ನ ಓವರ್‌ಟೇಕ್ ಮಾಡೋದಕ್ಕೆ ಹೋದ ಅಂತ ರಿಪೋರ್ಟಿನಲ್ಲಿದೆ. ಎಂದೂ ಅವಸರ ಮಾಡದ ಹುಡುಗ.

ಅವನು ನಿನ್ನ ಬಿಟ್ಟು ಹೋಗ್ತಿರಲಿಲ್ಲ ಇಂದು. ಮನೆಗೆ ಬರ್ತಿದ್ದ. ನಾನು ಓಡಿಸಿದ್ದಕ್ಕೆ ಬರ್ತಿದ್ದ.

ಪ್ರತಿ ತಿಂಗಳು ಡೋಲೋರೆಸ್‌ಗೆ ಫೋನ್ ಮಾಡಿ ನಾನು ಕೇಳ್ತಿದ್ದದ್ದು ಹೂವಿನ ವಿಷಯವಲ್ಲ. ಬಾಗಿಲು ತೆಗೆದಳಾ, ಹೇಗಿದ್ದಳು, ಏನು ಹಾಕ್ಕೊಂಡಿದ್ದಳು. ಅದನ್ನ ಕೇಳೋದಕ್ಕೆ ಹೂವು ಬೇಕಿತ್ತು.

ವರಲಕ್ಷ್ಮಿ

*

ಮೆಸ್ಕೀಟ್ ವೆಲ್ಸ್
19 ಜನವರಿ 1997

ಅತ್ತೆ,

ಕ್ರಿಸ್‌ಮಸ್ ರಜೆ ಪೂರ್ತಿ ನಿಮ್ಮ ಕಾಗದ ಎದುರಿಗಿಟ್ಟುಕೊಂಡು ಕೂತಿದ್ದೆ. ಕೋಪವನ್ನು ಮುಚ್ಚಿಟ್ಟು ಬರೆಯೋಕೆ ಬರುತ್ತಾ ಅಂತ ನೋಡಿದೆ. ಬರಲಿಲ್ಲ.

ಐದು ತಿಂಗಳು ಹೂವು ಕಳಿಸಿದಿರಿ. ಒಂದು ವಾಕ್ಯ ಕಳಿಸಿದ್ದರೆ ಸಾಕಾಗಿತ್ತು. 'ಅವನು ಮನೆಗೆ ಬರ್ತಿದ್ದ.' ಅಷ್ಟೇ. ಹೋದ ವರ್ಷ ಒಂದು ದಿನವೂ ನಾನು ಆ ರಸ್ತೆಯಲ್ಲಿ ಹೋಗಿಲ್ಲ. ಅಂಗಡಿಗೂ ಸುತ್ತುಬಳಸಿ ಹೋಗ್ತಿದ್ದೆ. ಕಾರು ಯಾವ ಕಡೆಗೆ ಮುಖ ಮಾಡಿತ್ತು ಅಂತ ಪೊಲೀಸಿನವರನ್ನ ಕೇಳಲಿಲ್ಲ, ಗೊತ್ತಿದೆ ಅಂದುಕೊಂಡಿದ್ದೆ. ನಿಮಗೆ ಗೊತ್ತಿತ್ತು. ನನ್ನ ಪಕ್ಕದಲ್ಲಿ ಕೂತು, ತಲೆ ನೇವರಿಸ್ತಾ, ಗೊತ್ತಿಟ್ಟುಕೊಂಡೇ ಸುಮ್ಮನಿದ್ದಿರಿ. 'ನಾಲ್ಕು ವರ್ಷ ಸುಖವಾಗಿದ್ದ' ಅಂತ ಬೇರೆ ಬರೆದಿರಿ.

ಇಷ್ಟು ಬರೆದು ಎರಡು ದಿನ ಬಿಟ್ಟಿದ್ದೆ. ಈಗ ಮುಂದುವರಿಸ್ತಿದೀನಿ.

ನಿಮ್ಮ ಮೇಲೆ ಎಷ್ಟು ಕೋಪ ಮಾಡ್ಕೊಂಡರೂ ಅದು ಅರ್ಧ ದಾರಿಯಲ್ಲೇ ನಿಂತುಹೋಗುತ್ತೆ. ಆ ಫೋನಿನ ವಿಷಯ ಇಡೀ ಪ್ರಪಂಚದಲ್ಲಿ ನಿಮ್ಮೊಬ್ಬರಿಗೇ ಗೊತ್ತಿತ್ತು. ನೀವಾಗಿ ಹೇಳದಿದ್ದರೆ ಯಾರೂ ನಿಮ್ಮನ್ನ ಕೇಳ್ತಿರಲಿಲ್ಲ.

ಫೆಬ್ರವರಿ ಹನ್ನೊಂದಕ್ಕೆ ಬನ್ನಿ. ಆ ಜಾಗಕ್ಕೆ ಹೋಗಬೇಕು, ಒಬ್ಬಳೇ ಹೋಗಲಾರೆ. ಬೇರೆ ಯಾರನ್ನ ಕರೀಲಿ?

ಇಂದು

*

ಲ್ಯಾನ್‌ಹ್ಯಾಮ್
20 ಫೆಬ್ರವರಿ 1997

ಇಂದು,

ಕ್ಷೇಮವಾಗಿ ತಲುಪಿದೆ. ಕೃಷ್ಣಪ್ರಸಾದ ಏರ್‌ಪೋರ್ಟಿಗೆ ಬಂದಿದ್ದ. ದಾರಿಯುದ್ದಕ್ಕೂ ಏನೂ ಕೇಳಲಿಲ್ಲ, ಒಳ್ಳೆಯ ಹುಡುಗ.

ನಾವು ಕಾರಿನಲ್ಲಿ ಹೆಚ್ಚು ಮಾತಾಡಲಿಲ್ಲ ಅಲ್ಲವಾ? ಮಾತಾಡದೆ ಇದ್ದದ್ದನ್ನ ಬರೀತೀನಿ. ಆ ಗ್ಯಾಸ್ ಸ್ಟೇಷನ್ನಿನಲ್ಲಿ ನೀನು ಕಾರಿನಲ್ಲೇ ಉಳಿದೆ. ನಾನು ಹೋಗಿ ಆ ಫೋನಿನ ರಿಸೀವರ್ ಎತ್ತಿ ಕಿವಿಗಿಟ್ಟುಕೊಂಡೆ. ಕುಯ್ಯ್ ಅಂತ ಶಬ್ದ ಬರ್ತಿತ್ತು. ಅಲ್ಲಿ ನಿಂತರೆ ಬಿಸಿಲು ನೇರ ಮುಖಕ್ಕೆ ಹೊಡೆಯುತ್ತೆ. ಅವನು ಕಣ್ಣು ಕಿರಿದು ಮಾಡ್ಕೊಂಡು ನಿಂತಿದ್ದಿರಬೇಕು. ಏನನ್ನಬೇಕಾಗಿತ್ತೋ ಅದನ್ನ ಹೇಳಿದೆ: "ಸರಿ ಕಣೋ, ಫೀನಿಕ್ಸ್‌ಗೆ ಹೋಗು. ನಿಧಾನವಾಗಿ ಹೋಗು." ಹಿಂದೆ ಒಬ್ಬ ಫೋನಿಗೆ ಕಾಯ್ತಿದ್ದ. ಅವನಿಗೆ ಬಿಟ್ಟುಕೊಟ್ಟು ಬಂದೆ.

ಆಮೇಲೆ ಆ ಜಾಗ. ರಸ್ತೆಯಲ್ಲಿ ಏನೂ ಇರಲಿಲ್ಲ, ಒಂದು ಗುರುತೂ ಇಲ್ಲ. ನೀನು ಊರಿನ ಕಡೆ ತಿರುಗಿ ನಿಂತೆ. "ಅತ್ತೆ, ಇಲ್ಲಿಂದ ನಮ್ಮ ನೀರಿನ ಟ್ಯಾಂಕ್ ಕಾಣುತ್ತೆ" ಅಂದೆ. ಒಂಬತ್ತು ಮೈಲಿ. ಇನ್ನೊಂದು ಹತ್ತು ನಿಮಿಷ. ನೀನು ಮಣ್ಣಿನಲ್ಲೇ ಕೂತು ಅಳೋದಕ್ಕೆ ಶುರುಮಾಡಿದೆ. ಹೋದ ವರ್ಷ ಹನ್ನೊಂದು ದಿನವೂ ನೀನು ಅತ್ತಿರಲಿಲ್ಲ. ನಾನು ಮುಟ್ಟಲಿಲ್ಲ. ಮುಟ್ಟಬಾರದು ಅಂತಲ್ಲ. ಆ ಅಳು ಅವನದು, ನಿನ್ನದು. ನಿಮ್ಮಿಬ್ಬರ ನಡುವೆ ನಾನು ಬಂದದ್ದು ಸಾಕು ಅನ್ನಿಸಿತು.

ಕೊನೆಯ ದಿನ ನೀನು ತಿಳಿಸಾರು ಮಾಡಿ ಬಡಿಸಿದೆ. ಕೇಳೋದಿಲ್ಲ ಅಂತ ಹೇಳಿದ್ದವಳು ಕೇಳಿಬಿಟ್ಟೆ, ನನ್ನ ಜೊತೆ ಬಂದುಬಿಡು ಅಂತ. ನೀನು ಸೌಟು ಹಿಡಿದುಕೊಂಡೇ ಹೇಳಿದೆ: "ನಿಮ್ಮನ್ನ ನೋಡಿದಾಗೆಲ್ಲ ನಾನು ಆ ಮಾತು ಆಡಿದವಳೇ ಆಗ್ತೀನಿ, ಅತ್ತೆ. ನೀವೂ ನನ್ನ ನೋಡಿದಾಗೆಲ್ಲ ಆ ಫೋನ್ ಎತ್ತಿದವರೇ ಆಗ್ತೀರಿ. ಇಬ್ಬರೂ ಅಲ್ಲೇ ಉಳಿದುಬಿಡ್ತೀವಿ." ನಾನು ಸಾರು ಊಟ ಮಾಡಿ, ಮಜ್ಜಿಗೆ ಹಾಕ್ಕೊಂಡೆ. ನೀನು ಹೇಳಿದ್ದು ನಿಜ ಅಂತ ಅಲ್ಲೇ ಹೇಳಬಹುದಿತ್ತು. ಹೇಳಲಿಲ್ಲ. ಈಗ ಹೇಳ್ತಿದೀನಿ. ನೀನು ಹೇಳಿದ್ದು ನಿಜ.

ನಿನಗೆ ಇಪ್ಪತ್ತೆಂಟು. ಆ ವಯಸ್ಸಿನಲ್ಲಿ ನನ್ನನ್ನ ಯಾರಾದರೂ ಬಿಟ್ಟುಕೊಡಬೇಕಿತ್ತು. ಯಾರೂ ಬಿಡಲಿಲ್ಲ. ನಾನು ನನ್ನ ಮಗನನ್ನ ಹಿಡ್ಕೊಂಡೆ. ನೀನು ಯಾರ ಜೊತೆ ಬದುಕಿದರೂ, ಒಬ್ಬಳೇ ಬದುಕಿದರೂ, ನನಗೆ ತಿಳಿಸಬೇಕು ಅಂತಿಲ್ಲ. ಡೋಲೋರೆಸ್‌ಗೂ ಇನ್ನು ಫೋನ್ ಮಾಡೋದಿಲ್ಲ.

ಏರ್‌ಪೋರ್ಟಿನ ಗೇಟಿನ ಹತ್ತಿರ ನೀನು ನನ್ನ ಕಾಲಿಗೆ ನಮಸ್ಕಾರ ಮಾಡಿದೆ. ನಾನು "ಹೋಗ್ತೀನಿ" ಅಂದೆ. ನೀನು ತಲೆಯೆತ್ತಿ ನೋಡಿದೆ. ನಮ್ಮಲ್ಲಿ ಯಾರೂ ಹಾಗನ್ನೋದಿಲ್ಲ, 'ಹೋಗಿ ಬರ್ತೀನಿ' ಅಂತಲೇ ಅನ್ನಬೇಕು. ಮುದುಕಿಗೆ ಬಾಯಿ ತಪ್ಪಿತು ಅಂದುಕೊಂಡಿರ್ತೀಯ.

ಬಾಯಿ ತಪ್ಪಲಿಲ್ಲ.

ವರಲಕ್ಷ್ಮಿ